ಥ್ರಸ್ಟರ್ ಇಲ್ಲದ ಸ್ಯಾಟಲೈಟ್, ಎದುರಿಗೆ 2009ರ ಚೂರು: ಪುಣೆಯಲ್ಲಿ ಕಳೆದ ಮೂರು ದಿನ

ನಮ್ಮ ಪುಟ್ಟ ಸ್ಯಾಟಲೈಟಿಗೆ ಬಾಹ್ಯಾಕಾಶದ ಕಸದ ಚೂರೊಂದು ಬಂದು ಗುದ್ದೋ ಹಾಗಿದ್ದ ಮೂರು ದಿನದ ಕತೆ ಇದು. ಶುರು ಮಾಡೋಕೆ ಮುಂಚೆ ಒಂದು ಮಾತು. ಕಂಪನಿ ಹೆಸರು, ಸ್ಯಾಟಲೈಟ್ ಹೆಸರು, ಯಾವ ವರ್ಷ ಯಾವ ತಿಂಗಳು, ಗ್ರಾಹಕರು ಯಾರು ಅನ್ನೋದನ್ನೆಲ್ಲ ಬೇಕಂತಲೇ ಬಿಟ್ಟಿದ್ದೀನಿ, ಗುರುತು ಸಿಗಬಾರದು ಅಂತ ಕೆಲವು ಅಂಕಿಗಳನ್ನೂ ಸ್ವಲ್ಪ ಆಚೀಚೆ ಮಾಡಿದ್ದೀನಿ. ಆದ್ರೆ ಯಾವ ಹೊತ್ತಲ್ಲಿ ಯಾರು ಏನು ತೀರ್ಮಾನ ತಗೊಂಡ್ರು, ಎಲ್ಲಿ ತಡ ಆಯ್ತು, ಎಲ್ಲಿ ತಪ್ಪಿದ್ವಿ ಅನ್ನೋದು ನಡೆದ ಹಾಗೇ ಇದೆ. ಈಗ ಚಿಕ್ಕ ಚಿಕ್ಕ ತಂಡಗಳು, ಕಾಲೇಜು ಹುಡುಗರು ಎಲ್ಲ ಸ್ಯಾಟಲೈಟ್ ಮಾಡ್ತಿದ್ದಾರೆ, ಅವರಿಗೆ ಉಪಯೋಗ ಆಗಲಿ ಅಂತ ಬರೀತಿದ್ದೀನಿ.

ಪುಣೆಯ ಬಾವಧನ್ ಕಡೆ ಒಂದು ಬಾಡಿಗೆ ಕಟ್ಟಡದ ಎರಡನೇ ಮಹಡೀಲಿ ನಮ್ಮ ಆಫೀಸು, ಟೆರೇಸ್ ಮೇಲೆ ಆಂಟೆನಾ, ಒಟ್ಟು ಹದಿನಾಲ್ಕು ಜನ. ಅದರಲ್ಲಿ ಕನ್ನಡದವರು ಮೂರು: ಕಂಪನಿ ಶುರು ಮಾಡಿದ ಬೆಳಗಾವಿಯವರು (ಇಲ್ಲಿ ಸಾಹೇಬ್ರು ಅಂತೀನಿ), ಸ್ಯಾಟಲೈಟಿಗೆ ಕಮಾಂಡ್ ಕಳಿಸೋ ಕೆಲಸ ನೋಡ್ಕೊಳ್ತಿದ್ದ ವಿಜಯಪುರ ಕಡೆಯ ಹುಡುಗಿ, ಮತ್ತೆ ಧಾರವಾಡದ ನಾನು. ಇವರ ಜೊತೆ ಒಬ್ಬರು ಕಾಕಾ. ಬೆಂಗಳೂರಲ್ಲಿ ಮೂವತ್ತು ವರ್ಷ ಕಕ್ಷೆ ಲೆಕ್ಕ ಮಾಡಿಯೇ ರಿಟೈರ್ ಆದವರು, ಈಗ ಕೋಥ್ರೂಡಲ್ಲಿ ಮಗಳ ಮನೇಲಿದ್ದಾರೆ, ಬುಧವಾರ ಬುಧವಾರ ಆಫೀಸಿಗೆ ಬಂದು ಹುಡುಗರ ಲೆಕ್ಕ ನೋಡಿ ತಿದ್ದಿ ಹೋಗ್ತಿದ್ರು. ದುಡ್ಡು ತಗೊಳ್ತಿರಲಿಲ್ಲ.

ಸ್ಯಾಟಲೈಟ್ ದೊಡ್ಡದೇನಲ್ಲ. ಮೂರು ಡಬ್ಬಿ ಒಂದರ ಮೇಲೊಂದು ಇಟ್ಟ ಹಾಗೆ, 10 ಸೆಂ.ಮೀ. ಅಗಲ, 10 ಸೆಂ.ಮೀ. ದಪ್ಪ, 34 ಸೆಂ.ಮೀ. ಉದ್ದ, ತೂಕ 4 ಕಿಲೋ. ಒಳಗೊಂದು ಕ್ಯಾಮೆರಾ, ಕಬ್ಬು ಮತ್ತು ದ್ರಾಕ್ಷಿ ಬೆಳೆ ನೋಡೋಕೆ. ಕಕ್ಷೆ ಸುಮಾರು 510 ಕಿ.ಮೀ. ಎತ್ತರ, ಧ್ರುವದಿಂದ ಧ್ರುವಕ್ಕೆ, ಒಂದೂವರೆ ಗಂಟೆಗೊಂದು ಸುತ್ತು. ಪುಣೆಯಲ್ಲಿ ಇಂಥ ಸ್ಯಾಟಲೈಟ್ ಅಂದ್ರೆ ಹೊಸ ಮಾತಲ್ಲ, ಇಲ್ಲಿನ ಸಿಒಇಪಿ ಕಾಲೇಜಿನ ಹುಡುಗರು ಮಾಡಿದ ಸುಮಾರು 1 ಕಿಲೋದ ಸ್ವಯಂ 2016ರ ಜೂನ್ 22ಕ್ಕೆ ಪಿಎಸ್‌ಎಲ್‌ವಿ-ಸಿ34 ರಾಕೆಟ್ಟಲ್ಲಿ ಹೋಯ್ತು, ನಮ್ಮ ಆಫೀಸಿನ ಅರ್ಧ ಹುಡುಗರು ಅದನ್ನ ನೋಡಿಯೇ ಈ ದಾರಿಗೆ ಬಂದವರು.

ಈಗ ಮುಖ್ಯ ವಿಷಯ. ಮೊದಲ ಡಿಸೈನಲ್ಲಿ ಒಂದು ಪುಟ್ಟ ಥ್ರಸ್ಟರ್ ಇತ್ತು, ಅಂದ್ರೆ ಕಕ್ಷೇಲಿ ಸ್ಯಾಟಲೈಟನ್ನ ಆಚೀಚೆ ಸರಿಸೋ ಎಂಜಿನ್ನು, ಟ್ಯಾಂಕು ವಾಲ್ವು ಎಲ್ಲ ಸೇರಿ 380 ಗ್ರಾಂ. ಲಾಂಚಿಗೆ ಏಳು ತಿಂಗಳು ಇರೋವಾಗ ಕ್ಯಾಮೆರಾ ಲೆನ್ಸು ತೂಕ ಜಾಸ್ತಿ ಆಯ್ತು, ಅದೇ ಹೊತ್ತಿಗೆ ಒತ್ತಡದ ಟ್ಯಾಂಕ್ ಇದ್ರೆ ಲಾಂಚ್ ಕೊಡೋವ್ರಿಗೆ ಇನ್ನೊಂದು ಸುತ್ತಿನ ಟೆಸ್ಟು, ಪೇಪರು ಎಲ್ಲ ಕೊಡಬೇಕು ಅಂತ ಗೊತ್ತಾಯ್ತು. ಮೀಟಿಂಗಲ್ಲಿ ಎಲ್ಲರ ವಾದ ಒಂದೇ. 510 ಕಿ.ಮೀ. ಅಂದ್ರೆ ಗಾಳಿ ಇನ್ನೂ ಸ್ವಲ್ಪ ಇರುತ್ತೆ, ಐದು ವರ್ಷದ ಒಳಗೆ ತಾನಾಗೇ ಬಿದ್ದು ಸುಟ್ಟು ಹೋಗುತ್ತೆ, ಥ್ರಸ್ಟರ್ ಬೇಕೇ ಬೇಕು ಅಂತ ಯಾವ ನಿಯಮಾನೂ ಹೇಳಲ್ಲ. ಲೆಕ್ಕ ಸರಿಯಾಗೇ ಇತ್ತು. ತೂಕದ ಎಕ್ಸೆಲ್ ಶೀಟ್ ನನ್ನ ಜವಾಬ್ದಾರಿ, ಆ ಸಾಲು ಡಿಲೀಟ್ ಮಾಡಿದ್ದೂ ನಾನೇ. ಸ್ಯಾಟಲೈಟ್ ಕೆಳಗೆ ಬೀಳೋವರೆಗಿನ ಐದು ವರ್ಷ ಅದು ಎಲ್ಲಿರುತ್ತೆ, ಸುತ್ತ ಏನಿರುತ್ತೆ ಅಂತ ಆ ದಿನ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಸುತ್ತ ಏನಿದೆ ಅಂದ್ರೆ ಇಷ್ಟು: ಯುರೋಪಿನ ಬಾಹ್ಯಾಕಾಶ ಸಂಸ್ಥೆ ಈಸಾ ಅಂದಾಜಲ್ಲಿ ಭೂಮಿ ಸುತ್ತ ತಿರುಗ್ತಿರೋ 10 ಸೆಂ.ಮೀ.ಗಿಂತ ದೊಡ್ಡ ವಸ್ತುಗಳೇ 50,000ಕ್ಕಿಂತ ಹೆಚ್ಚು, 1 ಸೆಂ.ಮೀ. ಮೇಲಿನವು 12 ಲಕ್ಷದಷ್ಟು. ರಡಾರ್ ಕಣ್ಣಿಗೆ ಬೀಳೋದು ದೊಡ್ಡವು ಮಾತ್ರ. ಇದರಲ್ಲಿ ನಮ್ಮ ದೇಶದ ಪಾಲೂ ಇದೆ. 2001ರಲ್ಲಿ ಪಿಎಸ್‌ಎಲ್‌ವಿ-ಸಿ3 ರಾಕೆಟ್ಟು ಕೆಲಸ ಸರಿಯಾಗೇ ಮುಗಿಸಿತ್ತು, ಆದ್ರೆ ಅದರ ಕೊನೇ ಹಂತ ಕಕ್ಷೇಲೇ ಉಳಿದು ಎರಡು ತಿಂಗಳಾದ ಮೇಲೆ ಒಡೆದು 300ಕ್ಕೂ ಹೆಚ್ಚು ಚೂರಾಯ್ತು, ಇಪ್ಪತ್ತು ವರ್ಷ ದಾಟಿದ ಮೇಲೂ ಅದರಲ್ಲಿ ಕೆಲವು ಇನ್ನೂ ಸುತ್ತುತ್ತಾ ಇದ್ವು. 2019ರ ಮಾರ್ಚ್ 27ರ ಮಿಷನ್ ಶಕ್ತಿ, ನಮ್ಮದೇ ಸ್ಯಾಟಲೈಟನ್ನ ಕ್ಷಿಪಣಿಯಿಂದ ಹೊಡೆದ ಪರೀಕ್ಷೆ, ಅದನ್ನ ಬೇಕಂತಲೇ 300 ಕಿ.ಮೀ.ಗಿಂತ ಕೆಳಗೆ ಮಾಡಿದ್ರು, ಚೂರುಗಳು ಬೇಗ ಬೀಳಲಿ ಅಂತ, ಹೆಚ್ಚಿನವು ಬಿದ್ವು ಕೂಡ, ಆದ್ರೂ ಕೆಲವು ಮೇಲಕ್ಕೆ ಚಿಮ್ಮಿ ಪೂರ್ತಿ ಬೀಳೋಕೆ ಮೂರು ವರ್ಷ ಹಿಡೀತು. ಚೀನಾ 2007ರಲ್ಲಿ ತನ್ನದೇ ಹವಾಮಾನ ಸ್ಯಾಟಲೈಟ್ ಫೆಂಗ್ಯುನ್-1ಸಿಯನ್ನ 865 ಕಿ.ಮೀ. ಎತ್ತರದಲ್ಲಿ ಒಡೀತಲ್ಲ, ಅದರ 3,000ಕ್ಕೂ ಹೆಚ್ಚು ಚೂರು ಪಟ್ಟಿಗೆ ಸೇರಿದ್ವು, ಆ ಎತ್ತರದಲ್ಲಿ ಗಾಳಿ ತೀರಾ ಕಮ್ಮಿ ಇರೋ ಕಾರಣ ಅವುಗಳಲ್ಲಿ ಎಷ್ಟೋ ನಮ್ಮ ಮಕ್ಕಳ ಕಾಲಕ್ಕೂ ಉಳಿಯೋವು.

ಗುರುವಾರ ಸಂಜೆ 7:40ಕ್ಕೆ ಮೇಲ್ ಬಂತು. ಅಮೆರಿಕದ ಮಿಲಿಟರಿಯವರು ರಡಾರಲ್ಲಿ ನೋಡಿ ಜಗತ್ತಿನ ಎಲ್ಲ ಆಪರೇಟರುಗಳಿಗೂ ಪುಕ್ಕಟೆ ಕಳಿಸೋ ಎಚ್ಚರಿಕೆ ಇದು, ನಾವು ಸಿಡಿಎಂ ಅಂತೀವಿ. ಅಂಥ ಮೇಲ್ ವಾರಕ್ಕೆ ಹತ್ತಾರು ಬರುತ್ತೆ, ಹೆಚ್ಚಿನವು ನೋಡಿ ಬಿಡೋ ಥರದವು. ಇದು ಹಾಗಿರಲಿಲ್ಲ. ಭಾನುವಾರ ಮಧ್ಯಾಹ್ನ 2:20ರ ಸುಮಾರಿಗೆ ನಮ್ಮ ಸ್ಯಾಟಲೈಟಿನ ಹತ್ರ ಒಂದು ಚೂರು ಹಾಯುತ್ತೆ, ಅಂತರ 210 ಮೀಟರ್, ಡಿಕ್ಕಿ ಆಗೋ ಸಂಭವ 3,000ಕ್ಕೆ 1. ದೊಡ್ಡ ದೊಡ್ಡ ಸಂಸ್ಥೆಗಳು ಸಾಮಾನ್ಯವಾಗಿ 10,000ಕ್ಕೆ 1 ದಾಟಿದ್ರೆ ಸ್ಯಾಟಲೈಟ್ ಸರಿಸ್ತಾರೆ. ಎದುರಿಗೆ ಬರ್ತಿದ್ದದ್ದು ಕಾಸ್ಮಾಸ್ 2251ರ ಒಂದು ಚೂರು, ಎರಡೂ ಒಂದಕ್ಕೊಂದು ಹಾಯೋ ವೇಗ ಸೆಕೆಂಡಿಗೆ 11 ಕಿ.ಮೀ.

ಕಾಸ್ಮಾಸ್ 2251 ಅಂದ್ರೆ ಕೆಲಸ ನಿಲ್ಲಿಸಿದ್ದ ರಷ್ಯಾದ ಹಳೇ ಸ್ಯಾಟಲೈಟು. 2009ರ ಫೆಬ್ರವರಿ 10ಕ್ಕೆ ಸೈಬೀರಿಯಾ ಮೇಲೆ ಸುಮಾರು 790 ಕಿ.ಮೀ. ಎತ್ತರದಲ್ಲಿ ಅದು ಅಮೆರಿಕದ ಇರಿಡಿಯಂ 33 ಅನ್ನೋ ಕೆಲಸ ಮಾಡ್ತಿದ್ದ ಫೋನ್ ಸ್ಯಾಟಲೈಟಿಗೆ ಗುದ್ದಿತು, ಎರಡು ಇಡೀ ಸ್ಯಾಟಲೈಟ್ ಹಾಗೆ ಢಿಕ್ಕಿ ಆಗಿದ್ದು ಅದೇ ಮೊದಲು, 2,000ಕ್ಕೂ ಹೆಚ್ಚು ಚೂರು ಲೆಕ್ಕಕ್ಕೆ ಸಿಕ್ಕವು. ಅವು ವರ್ಷ ವರ್ಷ ನಿಧಾನಕ್ಕೆ ಇಳೀತಾ ಬರ್ತಿವೆ, ಅದರಲ್ಲೊಂದು ನಮ್ಮ ಎತ್ತರಕ್ಕೆ ಬಂದು ತಲುಪಿತ್ತು. ಆ ಡಿಕ್ಕಿ ಆದಾಗ ನಮ್ಮ ವಿಜಯಪುರದ ಹುಡುಗಿ ಪ್ರೈಮರಿ ಸ್ಕೂಲಲ್ಲಿದ್ಲು.

ಆ ಸಂಜೆ ಆಫೀಸಲ್ಲಿ ಇದ್ದಿದ್ದು ಅವಳು ಮತ್ತೆ ನಾನು. ನಾನು ಮೊದಲು ಹೇಳಿದ ಮಾತು ಏನಂದ್ರೆ, ನಮ್ಮ ಹತ್ರ ಥ್ರಸ್ಟರ್ ಇಲ್ವಲ್ಲ, ಮಾಡೋಕೆ ಏನೂ ಇಲ್ಲ, ನಾಳೆ ಇನ್ನೊಂದು ಮೇಲ್ ಬರುತ್ತೆ, ಅದರಲ್ಲಿ ಕಮ್ಮಿ ಆಗಿರುತ್ತೆ. ಸಾಹೇಬ್ರಿಗೆ ಫೋನ್ ಮಾಡಿದಾಗ ಅವರೂ ಅದನ್ನೇ ಅಂದ್ರು, ಭಾನುವಾರ ಸಾಂಗ್ಲಿ ಕಡೆಯ ಫೋಟೋ ತೆಗೆದು ಗ್ರಾಹಕರಿಗೆ ಕೊಡೋದಿತ್ತು, ಆರು ತಿಂಗಳು ಹಿಂದೆ ಬಿದ್ದು ಹಿಡಿದ ಕಾಂಟ್ರಾಕ್ಟು ಅದು. ಇದು ಮೊದಲ ತಪ್ಪು ಮತ್ತು ಎಲ್ಲಕ್ಕಿಂತ ದೊಡ್ಡ ತಪ್ಪು. ಯಾಕೆ ಅಂತ ಹೇಳೋಕೆ ಪಾಸ್ ಅಂದ್ರೇನು ಅಂತ ಹೇಳ್ಬೇಕು. ಈ ಕಕ್ಷೆಯ ಸ್ಯಾಟಲೈಟು ಪುಣೆ ಮೇಲೆ ಬೆಳಿಗ್ಗೆ ಒಂಬತ್ತೂವರೆ ಹನ್ನೊಂದರ ಆಸುಪಾಸು ಎರಡು ಸಲ, ರಾತ್ರಿ ಅದೇ ಹೊತ್ತಿಗೆ ಎರಡು ಸಲ ಹಾಯ್ದು ಹೋಗುತ್ತೆ, ಒಂದೊಂದು ಸಲ ಹತ್ತು ನಿಮಿಷದ ಒಳಗೆ. ಏನೇ ಕಮಾಂಡ್ ಕೊಡೋದಿದ್ರೂ ಆ ಹತ್ತು ನಿಮಿಷದಲ್ಲೇ. ನಮ್ಮ ಕೈಲಿ ಟೆರೇಸಿನ ಒಂದೇ ಆಂಟೆನಾ. ಗುರುವಾರ ರಾತ್ರಿ ಏನೂ ಮಾಡದೆ ಬಿಟ್ರೆ ಶುಕ್ರವಾರ ಬೆಳಿಗ್ಗೆವರೆಗೂ ಬಾಯಿ ಮುಚ್ಕೊಂಡು ಕೂರಬೇಕು.

ಆ ಹುಡುಗಿ ಮಾಡಿದ ಒಂದು ಕೆಲಸ ಆ ರಾತ್ರಿ ಪೂರ್ತಿ ವ್ಯರ್ಥ ಆಗೋದನ್ನ ತಪ್ಪಿಸಿತು. ಸ್ಯಾಟಲೈಟಲ್ಲಿ ಜಿಪಿಎಸ್ ಇತ್ತು, ಕರೆಂಟ್ ಉಳಿಸೋಕೆ ಅಂತ ನಾವೇ ಆಫ್ ಮಾಡಿ ಇಟ್ಟಿದ್ವಿ. "ಸರ್, ಏನೂ ಮಾಡಾಕ ಆಗಲ್ಲ ಅಂತ ಹೇಳೂದಕ್ಕೂ ಮೊದಲ ನಾವ್ ಎಲ್ಲಿದ್ದೀವಿ ಅನ್ನೂದರೆ ಗೊತ್ತಿರಬೇಕಲ್ರೀ" ಅಂದ್ಲು, 11:25ರ ಪಾಸಲ್ಲಿ ಯಾರನ್ನೂ ಕೇಳದೆ ಜಿಪಿಎಸ್ ಆನ್ ಮಾಡೋ ಕಮಾಂಡ್ ಕಳಿಸಿದ್ಲು. ನಾನು ತಡೀಲಿಲ್ಲ, ನಾನು ಮಾಡಿದ್ದು ಅಷ್ಟೇ.

ಶುಕ್ರವಾರ ಬೆಳಿಗ್ಗೆ ಜಿಪಿಎಸ್ ಡೇಟಾ ಇಳೀತು, ಮಧ್ಯಾಹ್ನದ ಹೊತ್ತಿಗೆ ನಮ್ಮ ನಿಜವಾದ ಕಕ್ಷೆ ಲೆಕ್ಕ ಹಾಕಿ ಎಚ್ಚರಿಕೆ ಕೊಟ್ಟವರಿಗೇ ವಾಪಸ್ ಕಳಿಸಿದ್ವಿ, ಇದನ್ನಿಟ್ಟು ಮತ್ತೊಂದು ಸಲ ನೋಡಿ ಅಂತ. ಉತ್ತರ ಬಂದಾಗ ಎಲ್ಲರ ಮುಖ ಇಳೀತು. ಸಂಭವ ಕಮ್ಮಿ ಆಗೋದು ಬಿಟ್ಟು ಜಾಸ್ತಿ ಆಗಿತ್ತು, 900ಕ್ಕೆ 1. ಅಂತರ ಈಗ 120 ಮೀಟರ್.

ಇಲ್ಲಿ ಸ್ವಲ್ಪ ನಿಂತು ಹೇಳ್ತೀನಿ, ಯಾಕಂದ್ರೆ ಇದು ಹೊಸಬರಿಗೆ ಅರ್ಥ ಆಗದೇ ಇರೋ ಜಾಗ, ನನಗೂ ಆ ದಿನದವರೆಗೆ ಸರಿಯಾಗಿ ಆಗಿರಲಿಲ್ಲ. ಪ್ರತಿ ವಸ್ತುವಿನ ಸುತ್ತ ಒಂದು ಅನುಮಾನದ ಮೋಡ ಇರುತ್ತೆ ಅಂದ್ಕೊಳ್ಳಿ, ಅದು ಈ ಮೋಡದೊಳಗೆ ಎಲ್ಲೋ ಇದೆ, ಎಲ್ಲಿ ಅಂತ ಖಚಿತ ಇಲ್ಲ. ಮೋಡ ತುಂಬಾ ದೊಡ್ಡದಾಗಿದ್ರೆ ಡಿಕ್ಕಿ ಸಂಭವ ಕಮ್ಮಿ ಅಂತ ಲೆಕ್ಕ ಬರುತ್ತೆ, ಯಾಕಂದ್ರೆ ಅಷ್ಟು ದೊಡ್ಡ ಜಾಗದಲ್ಲಿ ಎರಡೂ ಒಂದೇ ಬಿಂದುವಲ್ಲಿರೋ ಸಾಧ್ಯತೆ ಕಮ್ಮಿ. ಮೋಡ ಚಿಕ್ಕದಾದಾಗ ನಿಜಕ್ಕೂ ದೂರ ಇದ್ರೆ ಸಂಭವ ಸೊನ್ನೆ ಕಡೆಗೆ ಇಳಿಯುತ್ತೆ, ಹತ್ರ ಇದ್ರೆ ಏರುತ್ತೆ. ಅಂದ್ರೆ ಸಂಭವದ ಅಂಕಿ ಚಿಕ್ಕದಿದೆ ಅನ್ನೋದಕ್ಕೆ ಎರಡು ಅರ್ಥ ಇರುತ್ತೆ, ಕ್ಷೇಮ ಇದೆ ಅಂತಲೂ ಇರಬಹುದು, ನಮಗೆ ಏನೂ ಗೊತ್ತಿಲ್ಲ ಅಂತಲೂ ಇರಬಹುದು. ಅಂಕಿ ಮಾತ್ರ ನೋಡಿದ್ರೆ ಎರಡೂ ಒಂದೇ ಥರ ಕಾಣುತ್ತೆ. 2009ರ ಡಿಕ್ಕಿಯ ದಿನ ಸಾರ್ವಜನಿಕವಾಗಿ ಸಿಗ್ತಿದ್ದ ಕಕ್ಷೆ ಮಾಹಿತಿಯಿಂದ ಹಾಕಿದ್ದ ಲೆಕ್ಕದಲ್ಲಿ ಆ ಎರಡರ ಅಂತರ 584 ಮೀಟರ್ ಅಂತ ಇತ್ತು, ಆ ದಿನದ ಅಪಾಯದ ಪಟ್ಟೀಲಿ ಅದು ಮೇಲೂ ಇರಲಿಲ್ಲ. ಅದು ಗುದ್ದಿತು.

ಸಂಜೆ ನಾಲ್ಕಕ್ಕೆ ಕಾಕಾ ಅವರಿಗೆ ಫೋನ್ ಮಾಡಿದ್ವಿ. ಬುಧವಾರ ಅಲ್ಲದಿದ್ರೂ ರಿಕ್ಷಾ ಹಿಡಿದು ಅರ್ಧ ಗಂಟೇಲಿ ಬಂದ್ರು. ಆಫೀಸ್ ಕೆಳಗಿನ ಅಮೃತತುಲ್ಯದಲ್ಲಿ ಚಹಾ ಹಿಡ್ಕೊಂಡು ನಿಂತೇ ಮಾತಾಡಿದ್ದು, ಮೇಲೆ ಮೀಟಿಂಗ್ ರೂಮಲ್ಲಿ ಬೇರೆಯವರಿದ್ರು. ಸಾಹೇಬ್ರು ಕೇಳಿದ್ದು ನ್ಯಾಯವಾದ ಪ್ರಶ್ನೆ: "ಕಾಕಾ, 900ಕ್ಕೆ ಒಂದ್ ಅಂದ್ರ 899 ಸಲ ಏನೂ ಆಗೂದಿಲ್ಲ. ಅದಕ್ಕಾಗಿ ನಾ ಕಾಂಟ್ರಾಕ್ಟ್ ಬಿಡ್ಲೇನ್ರೀ? ಹೋದ್ರ ನಮ್ಮದ ಸ್ಯಾಟಲೈಟ್ ಹೋಗತೈತಿ, ಮಂದೀದೇನ್ ಹೋಗತೈತಿ?"

ಕಾಕಾ ಅಂದ್ರು, "ಮಂದೀದ ಹೋಗತೈತಿ ನೋಡ್ರಿ, ಅದ ಮಾತು." ಆಮೇಲೆ ಪೇಪರ್ ಕಪ್ ಪಕ್ಕಕ್ಕಿಟ್ಟು ಲೆಕ್ಕ ಹೇಳಿದ್ರು. ಸೆಕೆಂಡಿಗೆ 11 ಕಿ.ಮೀ. ವೇಗದಲ್ಲಿ 1 ಕಿಲೋ ತುಂಡು ಬಂದು ಗುದ್ದಿದ್ರೆ ಅದರ ಶಕ್ತಿ ಸುಮಾರು 14 ಕಿಲೋ ಟಿಎನ್‌ಟಿ ಸಿಡಿದಷ್ಟು. ಎದುರಿನ ಚೂರು ಅಷ್ಟಿಲ್ಲದೆ ಕಾಲು ಕಿಲೋ ಇದ್ರೂ 4 ಕಿಲೋ ಸ್ಯಾಟಲೈಟು ಒಂದು ತುಂಡಾಗಿ ಉಳಿಯಲ್ಲ. ಆ ಚೂರುಗಳಲ್ಲಿ ಕೆಲವು 510ಕ್ಕಿಂತ ಮೇಲೆ ಚಿಮ್ಮಿ ಎಷ್ಟೋ ವರ್ಷ ಉಳೀತಾವೆ, ಮಿಕ್ಕವು ಇಳೀತಾ ಇಳೀತಾ 400 ಕಿ.ಮೀ. ಆಸುಪಾಸಿನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ, ಚೀನಾದ ತಿಯಾನ್‌ಗಾಂಗ್ ಎರಡರ ಎತ್ತರಾನೂ ದಾಟಿಯೇ ಕೆಳಗೆ ಬರಬೇಕು, ಅಲ್ಲಿ ಮನುಷ್ಯರಿದ್ದಾರೆ. ಡೊನಾಲ್ಡ್ ಕೆಸ್ಲರ್ 1978ರಲ್ಲೇ ಹೇಳಿದ್ದು ಇದೇ ಅಲ್ವಾ, ಒಂದು ಡಿಕ್ಕಿಯ ಚೂರು ಇನ್ನೊಂದು ಡಿಕ್ಕಿಗೆ ಕಾರಣ ಆಗುತ್ತೆ, ಅದರ ಚೂರು ಮತ್ತೊಂದಕ್ಕೆ. "2009ರಾಗ ಒಡದ ಚೂರು ಇವತ್ತು ನಿಮ್ಮ ಬಾಗಿಲಿಗೆ ಬಂದೈತಿ. ನಿಮ್ಮ ಚೂರು ಯಾರ ಬಾಗಿಲಿಗೆ ಹೋಗಬೇಕಂತೀರಿ?" ಅಂದ್ರು. ಸಾಹೇಬ್ರು ಸ್ವಲ್ಪ ಹೊತ್ತು ಸುಮ್ನಿದ್ರು, ಆಮೇಲೆ "ಆದ್ರ ಸರಸೂದರೆ ಹೆಂಗ್ರೀ, ಥ್ರಸ್ಟರ್ ತಗದ ಹಾಕೀವಿ" ಅಂದ್ರು. ಆ ಮಾತು ಕೇಳಿ ನನಗೆ ಎದೆಯಲ್ಲಿ ಏನೋ ಆಯ್ತು.

"ಗಾಳಿ ಐತಲ್ಲ" ಅಂದ್ರು ಕಾಕಾ.

ಅವರು ಹೇಳಿದ ಉಪಾಯ ಹೊಸದೇನಲ್ಲ, ಚಿಕ್ಕ ಸ್ಯಾಟಲೈಟುಗಳ ಗುಂಪು ನಡೆಸೋವ್ರು ಒಂದರಿಂದ ಒಂದು ದೂರ ಇಡೋಕೆ ಇದನ್ನ ಬಳಸ್ತಾರೆ, ನಮಗೆ ಹೊಳೆದಿರಲಿಲ್ಲ ಅಷ್ಟೇ. ಓಡೋ ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಹಾಕಿ ಅಂಗೈ ಗಾಳಿಗೆ ಅಡ್ಡ ಹಿಡಿದ್ರೆ ಎಳೀತದೆ, ಅದೇ ಅಂಗೈ ಮಲಗಿಸಿದ್ರೆ ಎಳೆತ ಕಮ್ಮಿ. ನಮ್ಮ ಸ್ಯಾಟಲೈಟಿನ ಚಿಕ್ಕ ಮುಖ 10 ಇಂಟು 10, ಉದ್ದ ಮುಖ 10 ಇಂಟು 34, ಅಂದ್ರೆ ಮೂರು ಪಟ್ಟಿಗಿಂತ ಹೆಚ್ಚು. ಕ್ಯಾಮೆರಾ ತಿರುಗಿಸೋಕೆ ಒಳಗೆ ಪುಟ್ಟ ಚಕ್ರಗಳು ಹೇಗೂ ಇದ್ವು, ಅವುಗಳಿಂದಲೇ ಸ್ಯಾಟಲೈಟನ್ನ ಗಾಳಿಗೆ ಅಡ್ಡ ನಿಲ್ಲಿಸಬಹುದು. 510 ಕಿ.ಮೀ.ಲ್ಲಿ ಗಾಳಿ ಅಂದ್ರೆ ಇಲ್ಲ ಅನ್ನೋಷ್ಟೇ, ಆದ್ರೆ ಸೂರ್ಯನ ಚಟುವಟಿಕೆ ಜೋರಾಗಿದ್ದ ಕಾಲ ಅದು, ಆಗ ಮೇಲಿನ ಗಾಳಿ ಉಬ್ಬಿ ದಟ್ಟ ಆಗುತ್ತೆ. ಜೊತೆಗೆ ನಾವಿರೋದು ಸೆಕೆಂಡಿಗೆ ಏಳೂವರೆ ಕಿ.ಮೀ. ವೇಗದಲ್ಲಿ.

ಇದರಲ್ಲಿ ಕೇಳಿದವರು ನಂಬದೇ ಇರೋ ವಿಷಯ ಒಂದಿದೆ, ಬ್ರೇಕ್ ಹಾಕಿದ್ರೆ ಸ್ಯಾಟಲೈಟ್ ಹಿಂದೆ ಬೀಳಲ್ಲ, ಮುಂದೆ ಹೋಗುತ್ತೆ. ಎಳೆತದಿಂದ ಕಕ್ಷೆ ಕೆಲವೇ ಹತ್ತು ಮೀಟರ್ ಕೆಳಗೆ ಇಳಿಯುತ್ತೆ, ಕೆಳಗಿನ ಕಕ್ಷೇಲಿ ಸುತ್ತು ಬೇಗ ಮುಗಿಯುತ್ತೆ, ಸುತ್ತು ಸುತ್ತಿಗೂ ಸ್ವಲ್ಪ ಸ್ವಲ್ಪ ಮುಂದೆ ಮುಂದೆ ಹೋಗ್ತಾ ಒಂದೂವರೆ ದಿನಕ್ಕೆ ಕಿಲೋಮೀಟರುಗಟ್ಟಲೆ ಆಗುತ್ತೆ. ಮತ್ತೆ ಇದು ಸಮಯದ ವರ್ಗದ ಲೆಕ್ಕದಲ್ಲಿ ಬೆಳೆಯುತ್ತೆ, ಹೊತ್ತು ದುಪ್ಪಟ್ಟಾದ್ರೆ ದೂರ ನಾಲ್ಕು ಪಟ್ಟು. ಗುರುವಾರ ರಾತ್ರಿಯೇ ಶುರು ಮಾಡಿದ್ರೆ 63 ಗಂಟೆ ಸಿಕ್ತಿತ್ತು, ಶುಕ್ರವಾರ ರಾತ್ರಿ ಶುರು ಮಾಡಿದ್ರೆ 39 ಗಂಟೆ. 63ಕ್ಕೆ ಸಿಗೋ ದೂರದಲ್ಲಿ 39ಕ್ಕೆ ಸಿಗೋದು ಅರ್ಧಕ್ಕಿಂತಲೂ ಕಮ್ಮಿ. ಏನೂ ಮಾಡೋಕಾಗಲ್ಲ ಅಂತ ನಾನು ಅಂದ ಒಂದು ಮಾತಿನ ಬೆಲೆ ಅಷ್ಟು.

ಅಲ್ಲಿಂದ ರಾತ್ರಿ ಪಾಸಿನವರೆಗೆ ಆರು ಗಂಟೆ. ಮೊದಲು ಹಾಕಿದ ಪ್ಲ್ಯಾನು ಪೂರ್ತಿ ಹೊತ್ತು ಅಡ್ಡ ನಿಲ್ಲಿಸೋದು. ಕಾಕಾ ಬಿಡಲಿಲ್ಲ, ಹೋಗೋ ಜಾಗದಲ್ಲಿ ಯಾರಿದ್ದಾರೆ ಅಂತ ನೋಡದೆ ಹೋಗೋದಾ ಅಂದ್ರು. ಪ್ಲ್ಯಾನಿನ ಕಕ್ಷೇನ ಕಳಿಸಿ ಚೆಕ್ ಮಾಡಿಸಿದಾಗ ನಿಜಕ್ಕೂ ಸೋಮವಾರ ಬೆಳಿಗ್ಗೆ ಬೇರೆ ದೇಶದ ಒಂದು ಕೆಲಸ ಮಾಡ್ತಿರೋ ಸ್ಯಾಟಲೈಟಿನ ಹತ್ರ ಹೋಗ್ತಿದ್ವಿ. ಅವರಿಗೆ ಮೇಲ್ ಹಾಕಿದ್ವಿ. ಪುಣೆಯ ತುಳಶೀಬಾಗ್ ಮಾರ್ಕೆಟ್ಟಿನ ಸಂದೀಲಿ ಎದುರುಬದುರು ಬಂದ ಇಬ್ಬರು ಒಂದೇ ಪಕ್ಕಕ್ಕೆ ಸರಿದು ಮತ್ತೆ ಮುಖಾಮುಖಿ ಆಗ್ತಾರಲ್ಲ, ಇಲ್ಲೂ ಅದೇ ಭಯ, ನಾವೂ ಸರಿದು ಅವರೂ ಸರಿದ್ರೆ ಕೆಲಸ ಕೆಟ್ಟಿತು. 2019ರ ಸೆಪ್ಟೆಂಬರಲ್ಲಿ ಈಸಾದ ಈಯೋಲಸ್ ಸ್ಯಾಟಲೈಟು ಸ್ಪೇಸ್‌ಎಕ್ಸ್ ಕಂಪನಿಯ ಒಂದು ಸ್ಟಾರ್‌ಲಿಂಕ್ ಸ್ಯಾಟಲೈಟಿನ ಎದುರಿಗೆ ಬಂದಾಗ, ಅಪಾಯ ಜಾಸ್ತಿ ಆಗಿದೆ ಅಂತ ಹೇಳೋ ಮೇಲ್ ತಮ್ಮ ಕರ್ತವ್ಯದಲ್ಲಿದ್ದವರ ಕಣ್ಣಿಗೇ ಬೀಳಲಿಲ್ಲ ಅಂತ ಸ್ಪೇಸ್‌ಎಕ್ಸ್‌ನವರು ಆಮೇಲೆ ಹೇಳಿದ್ರು, ಕೊನೆಗೆ ಈಸಾದವರೇ ತಮ್ಮದನ್ನ ಸರಿಸಿದ್ರು. ದೊಡ್ಡವರ ಮಧ್ಯೆಯೇ ಹಾಗೆ. ನಮಗೆ ಮೂರು ಗಂಟೇಲಿ ಉತ್ತರ ಬಂತು, ನಾವು ಅಲುಗಾಡಲ್ಲ, ನೀವು ನಿಮ್ಮ ಪ್ಲ್ಯಾನ್ ಬದಲಾಯಿಸಿ ತಿಳಿಸಿ ಅಂತ. ಆ ಕಡೆ ಯಾರು ಅಂತ ಇವತ್ತಿಗೂ ನನಗೆ ಮುಖ ಗೊತ್ತಿಲ್ಲ, ಆದ್ರೆ ಆ ಮೂರು ಸಾಲಿನ ಮೇಲಿಗೆ ನಾನು ಋಣಿ.

ಪ್ಲ್ಯಾನ್ ಬದಲಾಯ್ತು, ಪ್ರತಿ ಸುತ್ತಿನ ಅರ್ಧ ಹೊತ್ತು ಅಡ್ಡ, ಅರ್ಧ ಹೊತ್ತು ಸೋಲಾರ್ ಪ್ಯಾನೆಲ್ ಸೂರ್ಯನ ಕಡೆ. ಸಾಹೇಬ್ರು ರಾತ್ರಿ ಹತ್ತಕ್ಕೆ ಗ್ರಾಹಕರಿಗೆ ತಾವೇ ಫೋನ್ ಮಾಡಿ ಭಾನುವಾರ ಫೋಟೋ ಇಲ್ಲ ಅಂದ್ರು. ಶುಕ್ರವಾರ 11:15ರ ಪಾಸಲ್ಲಿ ಕಮಾಂಡ್ ಹೋಯ್ತು.

ಶನಿವಾರ ಬೆಳಿಗ್ಗೆ 9:35ಕ್ಕೆ ಸ್ಯಾಟಲೈಟ್ ದಿಗಂತದಿಂದ ಮೇಲೆ ಬಂದಾಗ ಸಿಗ್ನಲ್ ತುಂಬಾ ಕ್ಷೀಣ. ಸೇಫ್ ಮೋಡಿಗೆ ಹೋಗಿತ್ತು. ಅಡ್ಡ ನಿಂತಾಗ ಪ್ಯಾನೆಲ್ಲುಗಳಿಗೆ ಬಿಸಿಲು ಓರೆಯಾಗಿ ಬಿದ್ದು ಬ್ಯಾಟರಿ ಇಳಿದಿದೆ, ನಸುಕಿನ ನಾಲ್ಕರ ಸುಮಾರಿಗೆ ತಾನಾಗೇ ಎಲ್ಲ ಆಫ್ ಮಾಡ್ಕೊಂಡು ಸುಮ್ನೆ ಉರುಳ್ತಾ ಇತ್ತು. ಈ ಭಂಗಿಯನ್ನ ನಾವು ಒಂದು ದಿನವೂ ಟೆಸ್ಟ್ ಮಾಡಿರಲಿಲ್ಲ. ಲಾಂಚ್ ಆದ ಮೊದಲ ವಾರದಲ್ಲೇ ಒಂದು ಸುತ್ತು ಮಾಡಿ ನೋಡಿದ್ರೆ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತೆ ಅಂತ ಗೊತ್ತಿರೋದು. ಆ ಹುಡುಗಿ ಕೈ ನಡುಗ್ತಿತ್ತು, ಆದ್ರೂ ಮೊದಲ ಪಾಸಲ್ಲಿ ಎಬ್ಬಿಸಿದ್ಲು, ಹನ್ನೊಂದರ ಪಾಸಲ್ಲಿ ಸುತ್ತಿಗೆ ಮೂರನೇ ಒಂದು ಭಾಗ ಮಾತ್ರ ಅಡ್ಡ ನಿಲ್ಲೋ ಹೊಸ ಕಮಾಂಡ್ ಹಾಕಿದ್ಲು. ಏಳು ಗಂಟೆ ಕಳ್ಕೊಂಡಿದ್ವಿ.

ಭಾನುವಾರ ಮಧ್ಯಾಹ್ನ ಎಲ್ಲರೂ ಕಾಕಾ ಮನೇಲಿ. ಅವರ ಮಗಳು ಜೋಳದ ರೊಟ್ಟಿ, ಝುಣಕ ಮಾಡಿದ್ರು, ಯಾರಿಗೂ ಸರಿಯಾಗಿ ಊಟ ಸೇರಲಿಲ್ಲ. ಕಾಕಾ ಸುಮ್ನೆ ಮಾತಾಡಿಸೋಕೆ ಅಂತ 2022ರ ಯುಗಾದಿ ರಾತ್ರಿಯ ಕತೆ ತೆಗೆದ್ರು. ಏಪ್ರಿಲ್ 2, ಇಲ್ಲಿಯವರಿಗೆ ಗುಡಿಪಾಡವಾ, ಮಹಾರಾಷ್ಟ್ರದ ಆಕಾಶದಲ್ಲಿ ಬೆಂಕಿಯ ಗೆರೆಗಳು ಕಂಡವು, ಚಂದ್ರಪುರ ಜಿಲ್ಲೆಯ ಸಿಂದೇವಾಹಿ ತಾಲೂಕಿನ ಲಾಡ್‌ಬೋರಿ ಊರಲ್ಲಿ ದೊಡ್ಡದೊಂದು ಲೋಹದ ಬಳೆ ಬಿತ್ತು, ಚೀನಾದ ಲಾಂಗ್ ಮಾರ್ಚ್ ರಾಕೆಟ್ಟಿನ ತುಂಡು ಇರಬೇಕು ಅಂದ್ರು ತಜ್ಞರು. ಯಾರಿಗೂ ಏನೂ ಆಗಲಿಲ್ಲ. ಬಿದ್ದದ್ದು ಕಣ್ಣಿಗೆ ಕಾಣುತ್ತೆ, ಪೇಪರಲ್ಲಿ ಫೋಟೋ ಬರುತ್ತೆ, ಬೀಳದೆ ಮೇಲೇ ಇರೋದಕ್ಕೆ ಫೋಟೋ ಇಲ್ಲ ಅಂತ ಅವರು ಹೇಳ್ತಿದ್ದಾಗಲೇ 2:20 ಆಗಿ ಹೋಯ್ತು.

ಪುಣೆ ಮೇಲೆ ಮುಂದಿನ ಪಾಸ್ ರಾತ್ರಿ ಒಂಬತ್ತೂವರೆ ದಾಟಿದ ಮೇಲೆ. ಅಷ್ಟು ಕಾಯೋದು ತಪ್ಪಿದ್ದು ಸ್ಯಾಟ್‌ನಾಗ್ಸ್ ಅನ್ನೋ ಹವ್ಯಾಸಿಗಳ ಜಾಲದಿಂದ, ಜಗತ್ತಿನಾದ್ಯಂತ ಜನ ತಮ್ಮ ಮನೆ ಮೇಲಿನ ಆಂಟೆನಾದಲ್ಲಿ ಕೇಳಿಸಿದ ಸ್ಯಾಟಲೈಟ್ ಸಿಗ್ನಲ್ಲುಗಳನ್ನ ಅಲ್ಲಿ ಹಾಕ್ತಾರೆ. ನಾಲ್ಕು ಗಂಟೆ ಹತ್ತಿರ ಯುರೋಪಿನ ಯಾರದೋ ಮನೆಯ ಆಂಟೆನಾದಲ್ಲಿ ನಮ್ಮ ಬೀಕನ್, ಅಂದ್ರೆ ಸ್ಯಾಟಲೈಟ್ ತಾನಾಗೇ ಕಳಿಸ್ತಿರೋ ಸಿಗ್ನಲ್, ಬಂದಿತ್ತು. ಹುಡುಗಿ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ್ಲು, ಆಮೇಲೆ ಅಡುಗೆ ಮನೆಗೆ ಹೋಗಿ ಅತ್ತಳು.

ಆಮೇಲಿನ ಲೆಕ್ಕದಲ್ಲಿ ಗೊತ್ತಾಗಿದ್ದು ಇಷ್ಟು: ಏನೂ ಮಾಡದೇ ಇದ್ರೆ ಇರ್ತಿದ್ದ ಜಾಗದಿಂದ ಸುಮಾರು 3 ಕಿ.ಮೀ. ಮುಂದೆ ಹೋಗಿದ್ವಿ, ಚೂರು ಓರೆಯಾಗಿ ಬರ್ತಿದ್ದದ್ರಿಂದ ಅಷ್ಟೂ ಅಂತರ ಆಗಲಿಲ್ಲ, 2 ಕಿ.ಮೀ.ಗೆ ಸ್ವಲ್ಪ ಮೇಲೆ. ಸಾಕಿತ್ತು. ಸರಿಸದಿದ್ರೆ ಗುದ್ದುತ್ತಿತ್ತಾ ಅಂತ ಎಲ್ಲರೂ ಕೇಳ್ತಾರೆ. ಬಹುಶಃ ಇಲ್ಲ, 900ರಲ್ಲಿ 899 ಪಾಲು ಇಲ್ಲ. ಆ ಒಂದು ಪಾಲಿಗೆ ನಾವು ಮೂರು ದಿನ ಕೊಟ್ಟಿದ್ದು ಸರಿ ಅಂತಲೇ ನನ್ನ ನಂಬಿಕೆ, ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಗ್ರಾಹಕರು ಮಾತ್ರ ಮುಂದಿನ ವರ್ಷ ಕಾಂಟ್ರಾಕ್ಟ್ ರಿನ್ಯೂ ಮಾಡಲಿಲ್ಲ. ಸಾಹೇಬ್ರು ಆ ಬಗ್ಗೆ ಒಂದು ದಿನವೂ ಯಾರ ಮೇಲೂ ಹಾಕಿ ಮಾತಾಡಿಲ್ಲ.

ಈ ಪ್ರಕರಣದಲ್ಲಿ ಬೇರೆ ತಂಡದವರು ನೋಡಬೇಕಾದ್ದು ಅಂದ್ರೆ ನನ್ನ ಲೆಕ್ಕದಲ್ಲಿ ಆ ಗುರುವಾರ ರಾತ್ರಿ ಮತ್ತೆ ಅದಕ್ಕೂ ಹಿಂದಿನ ಆ ತೂಕದ ಮೀಟಿಂಗು. ರಾತ್ರಿ ನಾವು ಕಳ್ಕೊಂಡ ಗಂಟೆಗಳಿಗೆ ಕಾರಣ ತಾಂತ್ರಿಕ ಅಲ್ಲ, ಎಚ್ಚರಿಕೆ ಬಂದ್ರೆ ಯಾರು ತೀರ್ಮಾನ ಮಾಡ್ಬೇಕು ಅಂತ ಎಲ್ಲೂ ಬರೆದಿರಲಿಲ್ಲ. ಈಗ ಬರೆದಿದೆ, ಸಂಭವ 10,000ಕ್ಕೆ 1 ದಾಟಿದ್ರೆ ಕರ್ತವ್ಯದಲ್ಲಿರೋರು ಯಾರನ್ನೂ ಕೇಳದೆ ಮುಂದಿನ ಪಾಸಲ್ಲೇ ಶುರು ಮಾಡಬಹುದು, ನಿಲ್ಲಿಸೋಕೆ ಮಾತ್ರ ಸಾಹೇಬ್ರನ್ನ ಕೇಳಬೇಕು. ಜಿಪಿಎಸ್ ದಿನಾ ಎರಡು ಸುತ್ತು ಆನ್. ಅಡ್ಡ ನಿಲ್ಲೋ ಭಂಗಿ ಮೂರು ತಿಂಗಳಿಗೊಮ್ಮೆ ಅಭ್ಯಾಸ, ಬ್ಯಾಟರಿ ಮಿತಿ ಎಲ್ಲ ಗೋಡೆ ಮೇಲೆ ಅಂಟಿಸಿದೆ.

ತೂಕದ ಮೀಟಿಂಗಿನ ವಿಷಯಕ್ಕೆ ಬಂದ್ರೆ, ನಾವು ಆವತ್ತು ನೋಡಿದ್ದು ಕೊನೆ ಒಂದನ್ನೇ, ಐದು ವರ್ಷದಲ್ಲಿ ಬೀಳುತ್ತಾ ಇಲ್ವಾ ಅಂತ. ಅದು ಬೇಕು, ನಿಜ. 2024ರ ಏಪ್ರಿಲಲ್ಲಿ ಇಸ್ರೋ ಬೆಂಗಳೂರಲ್ಲೇ 2030ರ ಹೊತ್ತಿಗೆ ಭಾರತದ ಸರ್ಕಾರಿ ಖಾಸಗಿ ಎಲ್ಲ ಮಿಷನ್ನುಗಳೂ ಕಸ ಬಿಡದ ಹಾಗೆ ಇರಬೇಕು ಅಂತ ಗುರಿ ಹೇಳಿತು, ಹೇಳೋಕೆ ಮುಂಚೆಯೇ ಮಾಡಿಯೂ ತೋರಿಸ್ತು. 2023ರ ಮಾರ್ಚ್ 7ಕ್ಕೆ ಕಂಟ್ರೋಲ್ಡ್ ರೀಎಂಟ್ರಿಗೆ, ಅಂದ್ರೆ ಬೇಕಾದ ಜಾಗದಲ್ಲಿ ಬೀಳಿಸೋದಕ್ಕೆ, ಅಂತ ಡಿಸೈನೇ ಮಾಡಿರದ ಮೇಘಾ-ಟ್ರಾಪಿಕ್ಸ್ ಸ್ಯಾಟಲೈಟನ್ನ ಉಳಿದ ಇಂಧನ ಬಳಸಿ ಪೆಸಿಫಿಕ್ ಸಮುದ್ರದ ಮೇಲೆ ಇಳಿಸಿದ್ರು. 2024ರ ಜನವರಿಯ ಪಿಎಸ್‌ಎಲ್‌ವಿ-ಸಿ58ರ ಕೊನೇ ಹಂತವನ್ನ 650ರಿಂದ 350 ಕಿ.ಮೀ.ಗೆ ತಂದು ಉಳಿದ ಇಂಧನ ಖಾಲಿ ಮಾಡಿ ಬಿಟ್ರು, ಅದು ಮಾರ್ಚಲ್ಲಿ ಬಿದ್ದು ಹೋಯ್ತು, ಸಿ3 ಥರ ಒಡೆಯೋಕೆ ಒಳಗೆ ಏನೂ ಉಳಿದಿರಲಿಲ್ಲ. ಆದ್ರೆ ಬೀಳೋವರೆಗಿನ ದಿನಗಳಲ್ಲಿ ಪಕ್ಕಕ್ಕೆ ಸರಿಯೋ ಶಕ್ತಿ ಬೇಕಲ್ಲ, ಅದನ್ನ ಚಿಕ್ಕ ತಂಡಗಳು ನಮ್ಮ ಹಾಗೇ ಮೊದಲು ಕತ್ತರಿಸ್ತವೆ, ಯಾಕಂದ್ರೆ ಫೋಟೋ ತೆಗೆಯೋ ಲೆನ್ಸಿಗೆ ದುಡ್ಡು ಕೊಡೋ ಗ್ರಾಹಕ ಇದ್ದಾನೆ, ಸರಿಯೋದಕ್ಕೆ ಯಾರೂ ದುಡ್ಡು ಕೊಡಲ್ಲ. ಗಾಳಿ ನಮ್ಮನ್ನ ಉಳಿಸಿದ್ದೂ ಸೂರ್ಯ ಜೋರಾಗಿದ್ದ ವರ್ಷ ಅಂತ. ಸೂರ್ಯ ತಣ್ಣಗಿರೋ ವರ್ಷದಲ್ಲಿ ಅದೇ ಎತ್ತರದಲ್ಲಿ ಆ 39 ಗಂಟೇಲಿ ಕೆಲವು ನೂರು ಮೀಟರ್ ಸರಿಯೋದೂ ಕಷ್ಟ ಇತ್ತು.

ಎರಡನೇ ಸ್ಯಾಟಲೈಟಿನ ತೂಕದ ಶೀಟ್ ಈಗ ನಡೀತಿದೆ, ಅದೂ ನನ್ನ ಹತ್ರಾನೇ ಇದೆ. ಥ್ರಸ್ಟರ್ ಸಾಲು 410 ಗ್ರಾಂ, ಲಾಕ್ ಮಾಡಿಟ್ಟಿದ್ದೀನಿ, ಪಾಸ್‌ವರ್ಡ್ ಇರೋದು ಆ ವಿಜಯಪುರದ ಹುಡುಗಿ ಹತ್ರ ಮಾತ್ರ. ಹೋದ ವಾರ ಕ್ಯಾಮೆರಾ ತಂಡದವರು ಬಂದು 150 ಗ್ರಾಂ ಬೇಕು ಅಂತ ಕೇಳಿದ್ರು. ಅವಳು ಅವರನ್ನ ಕೂರಿಸ್ಕೊಂಡು ಆ ಶುಕ್ರವಾರದ ಸಿಡಿಎಂ ತೆಗೆದು ತೋರಿಸಿದ್ಲು, ಈಗ ಅವರು ಲೆನ್ಸಿನ ಚೌಕಟ್ಟನ್ನ ಬೇರೆ ಲೋಹದಲ್ಲಿ ಮಾಡೋಕೆ ಆಗುತ್ತಾ ಅಂತ ಭೋಸರಿಯ ಒಂದು ವರ್ಕ್‌ಶಾಪಲ್ಲಿ ವಿಚಾರಿಸ್ತಿದ್ದಾರೆ.